ಟೇಪಿನಲ್ಲಿರುವ ದೊಡ್ಡ ಡೇಟಾಸೆಟ್ ಅನ್ನು ಡಿಸ್ಕ್‌ಗೆ ಇಳಿಸುವುದು ಹೇಗೆ: ಜೆಡ್‌ಓಎಸ್ ಮೇನ್‌ಫ್ರೇಮ್ ಮಾರ್ಗದರ್ಶಿ

ಟೇಪಿನಿಂದ ಡಿಸ್ಕ್‌ಗೆ ಕಾಪಿ ಮಾಡುವ ಜೆಸಿಎಲ್ (ಸಿಸ್ಟಮ್‌ಗೆ ಜಾಬ್ ಒಪ್ಪಿಸುವ ಆದೇಶಗಳು) ಹತ್ತು ಹನ್ನೆರಡು ಸಾಲು, ಅಷ್ಟೇ. ಆದರೂ ಗಂಟೆಗಟ್ಟಲೆ ಓಡಿದ ಜಾಬ್ ಕೊನೆಗೆ ಬಿ37 (ಡಿಸ್ಕ್ ಜಾಗ ಸಾಲದು ಎಂಬ ದೋಷ ಕೋಡ್) ಎಂದು ಬಿದ್ದುಬಿಡುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗುವುದುಂಟು: ರಿಟರ್ನ್ ಕೋಡ್ ಸೊನ್ನೆ ಬಂದಿರುತ್ತದೆ, ಡಿಸ್ಕ್‌ನಲ್ಲಿ ಮಾತ್ರ ಅರ್ಧ ಡೇಟಾ ಇರುತ್ತದೆ. ಟೇಪಿನಲ್ಲಿ ಏನಿದೆ, ಎಷ್ಟಿದೆ ಎಂದು ಮೊದಲೇ ಅಳೆದಿದ್ದರೆ ಬಿ37 ಬರುತ್ತಿರಲಿಲ್ಲ. ಮುಗಿದ ಮೇಲೆ ಎಣಿಸಿದ್ದರೆ ಅರ್ಧ ಕಾಪಿ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಕಾಪಿಗೆ ಮುಂಚಿನ ಲೆಕ್ಕಕ್ಕೆ ಮತ್ತು ಆಮೇಲಿನ ಎಣಿಕೆಗೆ ಮೀಸಲು.

ಉದಾಹರಣೆಗೆ ಒಂದೇ ಡೇಟಾಸೆಟ್ ಇಟ್ಟುಕೊಳ್ಳೋಣ: ಒಂದು ಬ್ಯಾಂಕಿನ ಹಳೆಯ ವಹಿವಾಟುಗಳು, 50 ಕೋಟಿ ರೆಕಾರ್ಡ್, ಪ್ರತಿ ರೆಕಾರ್ಡ್ 200 ಬೈಟ್, ಎಫ್‌ಬಿ (ಎಲ್ಲ ರೆಕಾರ್ಡ್ ಒಂದೇ ಉದ್ದ, ಹಲವು ಸೇರಿ ಒಂದು ಬ್ಲಾಕ್). ಒಟ್ಟು 100 ಗಿಗಾಬೈಟ್. ಕೀವರ್ಡ್‌ಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಸಿಸ್ಟಮ್‌ನಲ್ಲಿ ಬರೆಯುವಾಗ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಬರೆಯಬೇಕು.

ಇದು ಕಾಪಿ ಮಾಡುವಂಥ ಡೇಟಾಸೆಟ್ಟೇ?

ಟೇಪಿನಲ್ಲಿರುವುದೆಲ್ಲ ಸಾದಾ ಸೀಕ್ವೆನ್ಷಿಯಲ್ ಫೈಲ್ ಆಗಿರುವುದಿಲ್ಲ. ಕ್ಯಾಟಲಾಗ್‌ನಲ್ಲಿ (ಯಾವ ಡೇಟಾಸೆಟ್ ಎಲ್ಲಿದೆ ಎಂಬ ಸಿಸ್ಟಮ್ ಪಟ್ಟಿ) ವಾಲ್ಯೂಮ್ (ಒಂದು ಕಾರ್ಟ್ರಿಜ್ ಅಥವಾ ಒಂದು ಡಿಸ್ಕ್) ಹೆಸರು ‘ಮೈಗ್ರಾಟ್’ ಎಂದಿದ್ದರೆ ಅದನ್ನು, ಬಳಸದ ಡೇಟಾವನ್ನು ತಾನೇ ಸಾಗಿಸಿಡುವ ಎಚ್‌ಎಸ್‌ಎಂ ಎತ್ತಿಟ್ಟಿದೆ ಎಂದರ್ಥ. ಅಂಥದ್ದಕ್ಕೆ ಎಚ್‌ರೀಕಾಲ್ ಸಾಕು, ಕಾಪಿ ಜಾಬ್ ಬೇಡ. ಎಡಿಆರ್‌ಡಿಎಸ್‌ಎಸ್‌ಯು ಎಂಬ ಬ್ಯಾಕಪ್ ಪ್ರೋಗ್ರಾಮ್ ತೆಗೆದ ಡಂಪ್ ಆಗಿದ್ದರೆ ರೀಸ್ಟೋರ್ ಮಾಡಿ. ಡಂಪನ್ನು ಡಂಪಾಗಿಯೇ ಇನ್ನೊಂದು ಕಡೆ ಇಡಬೇಕೆಂದಿದ್ದರೆ ಅದೇ ಪ್ರೋಗ್ರಾಮಿನ ಕಾಪಿಡಂಪ್ ಬಳಸಿ. ಐಇಬಿಕಾಪಿ ಪ್ರೋಗ್ರಾಮ್ ಟೇಪಿಗೆ ಇಳಿಸಿದ ಲೈಬ್ರರಿಯಾದರೆ ಮತ್ತೆ ಐಇಬಿಕಾಪಿಯಿಂದಲೇ ಮೇಲೆತ್ತಬೇಕು. ಡಿಬಿ2 ಡೇಟಾಬೇಸಿನ ಇಮೇಜ್ ಕಾಪಿ (ಬ್ಯಾಕಪ್) ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ರಿಕವರಿ ಸಮಯದಲ್ಲಿ ಡಿಬಿ2 ತನ್ನ ಸಿಸ್‌ಕಾಪಿ ಟೇಬಲ್‌ನಲ್ಲಿ ಬರೆದಿರುವ ಡೇಟಾಸೆಟ್ ಮಾತ್ರ ಹುಡುಕುತ್ತದೆ, ನೀವು ಪಕ್ಕದಲ್ಲಿ ಮಾಡಿಟ್ಟ ಪ್ರತಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಲ್ಲಿ ಕಾಪಿಟುಕಾಪಿ ಯುಟಿಲಿಟಿಯೇ ಸರಿ.

ಇವು ಯಾವುವೂ ಅಲ್ಲ, ಸಾದಾ ಎಫ್‌ಬಿ ಅಥವಾ ವಿಬಿ (ರೆಕಾರ್ಡ್ ಉದ್ದ ಬದಲಾಗುವ) ಫೈಲ್ ಎಂದು ಖಾತ್ರಿಯಾದ ಮೇಲೆ ಮುಂದೆ ಹೋಗಿ.

ವಾಲ್ಯೂಮ್‌ಗಳ ಪಟ್ಟಿ ಪೂರ್ತಿ ಇದೆಯೇ?

ಡೇಟಾಸೆಟ್ ಕ್ಯಾಟಲಾಗ್ ಆಗಿದ್ದರೆ ಐಡಿಕ್ಯಾಮ್ಸ್ ಎಂಬ ಕ್ಯಾಟಲಾಗ್ ಯುಟಿಲಿಟಿಯ ಲಿಸ್ಟ್‌ಕ್ಯಾಟ್ ಆಲ್ ಕೊಟ್ಟು ವಾಲ್ಯೂಮ್‌ಗಳ ಪಟ್ಟಿಯನ್ನೂ ಫೈಲ್ ಸೀಕ್ವೆನ್ಸ್ ನಂಬರನ್ನೂ ತೆಗೆದುಕೊಳ್ಳಿ. ಇದನ್ನು ಟೇಪ್ ಮ್ಯಾನೇಜ್‌ಮೆಂಟ್ ಸಿಸ್ಟಮ್‌ನ ದಾಖಲೆಯ ಜೊತೆ ತಾಳೆ ನೋಡಿ. ಆರ್‌ಎಂಎಂ ಇರುವಲ್ಲಿ ಲಿಸ್ಟ್‌ಡೇಟಾಸೆಟ್ ಕಮಾಂಡ್ ಬ್ಲಾಕ್‌ಸೈಜ್, ಎಲ್‌ರೆಕ್‌ಎಲ್ (ರೆಕಾರ್ಡ್ ಉದ್ದ), ಬ್ಲಾಕ್‌ಗಳ ಸಂಖ್ಯೆ ಮೂರನ್ನೂ ಕೊಡುತ್ತದೆ. ಸಿಎ1 ಇರುವಲ್ಲಿ ಅದರ ಪ್ಯಾನೆಲ್‌ಗಳಲ್ಲಿ ಹುಡುಕಿ.

ಇಲ್ಲಿ ತಪ್ಪಿದರೆ ಯಾರ ಕಣ್ಣಿಗೂ ಬೀಳದ ಅನಾಹುತ ಆಗುತ್ತದೆ. ಕ್ಯಾಟಲಾಗ್ ಆಗದ, ಮೂರು ವಾಲ್ಯೂಮ್‌ಗಳ ಡೇಟಾಸೆಟ್‌ಗೆ ಜೆಸಿಎಲ್‌ನಲ್ಲಿ ಮೊದಲ ವಾಲ್ಯೂಮ್ ಮಾತ್ರ ಬರೆದಿದ್ದೀರಿ ಎನ್ನಿ. ಮೊದಲ ಕಾರ್ಟ್ರಿಜ್ ಮುಗಿದಾಗ ಅಲ್ಲಿ ಇಓವಿ1 ಲೇಬಲ್ ಇರುತ್ತದೆ, ‘ಮುಂದಿನ ವಾಲ್ಯೂಮ್ ಇದೆ’ ಎಂದು ಅದರ ಅರ್ಥ. ಆದರೆ ಮುಂದೆ ಯಾವುದನ್ನು ಮೌಂಟ್ ಮಾಡಬೇಕೆಂದು ಪಟ್ಟಿಯಲ್ಲಿಲ್ಲ. ಆಗ ಸಿಸ್ಟಮ್ ಇದನ್ನೇ ಡೇಟಾದ ಕೊನೆ ಎಂದು ಪ್ರೋಗ್ರಾಮಿಗೆ ಹೇಳುತ್ತದೆ. ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು ಬಂದರೂ ಜಾಬ್ ನಿಲ್ಲದೆ ಸೊನ್ನೆ ಕೋಡ್‌ನಿಂದ ಮುಗಿಯುತ್ತದೆ. ಮೂರರಲ್ಲಿ ಎರಡು ಪಾಲು ಡೇಟಾ ಟೇಪಿನಲ್ಲೇ ಉಳಿದಿರುತ್ತದೆ.

ವಾಲ್ಯೂಮ್‌ಗಳ ಕ್ರಮವೂ ಮುಖ್ಯ. ಫೈಲ್‌ನ ಆರಂಭದ ಎಚ್‌ಡಿಆರ್1 ಲೇಬಲ್‌ನಲ್ಲಿ ವಾಲ್ಯೂಮ್ ಸೀಕ್ವೆನ್ಸ್ ನಂಬರ್ ಇರುತ್ತದೆ, ಅನುಮಾನವಿದ್ದರೆ ಅದನ್ನೇ ನೋಡಿ. ಅದೇ ಲೇಬಲ್‌ನಲ್ಲಿ ಡೇಟಾಸೆಟ್ ಹೆಸರಿಗೆ 17 ಅಕ್ಷರದಷ್ಟು ಜಾಗ ಮಾತ್ರ ಇದೆ, ಹೆಸರು ಉದ್ದವಾಗಿದ್ದರೆ ಬಲಗಡೆಯ 17 ಅಕ್ಷರ ಮಾತ್ರ ಉಳಿಯುತ್ತವೆ. ನೀವು ಕೊಟ್ಟ ಹೆಸರು ಇದಕ್ಕೆ ಹೊಂದದಿದ್ದರೆ ಜಾಬ್ 813-04 ಎಂದು ಬೀಳುತ್ತದೆ. ಒಂದೇ ಕಾರ್ಟ್ರಿಜ್‌ನಲ್ಲಿ ಹಲವು ಫೈಲ್ ಇದ್ದಾಗ ಲೇಬಲ್ ಪ್ಯಾರಾಮೀಟರ್‌ನಲ್ಲಿ ಫೈಲ್ ನಂಬರ್ ತಪ್ಪಿದರೂ ಇದೇ 813 ಬರುತ್ತದೆ.

ಹೊರಗಿನಿಂದ ಬಂದ, ಲೇಬಲ್ ಇಲ್ಲದ ಟೇಪಾದರೆ ಆರ್‌ಇಸಿಎಫ್‌ಎಂ (ಎಫ್‌ಬಿ, ವಿಬಿಯಂಥ ರೆಕಾರ್ಡ್ ಮಾದರಿ), ಎಲ್‌ರೆಕ್‌ಎಲ್, ಬ್ಲಾಕ್‌ಸೈಜ್ ಮೂರನ್ನೂ ನೀವೇ ಕೊಡಬೇಕು. ಗೊತ್ತಿಲ್ಲದಿದ್ದರೆ ಆರ್‌ಇಸಿಎಫ್‌ಎಂ=ಯು, ಬ್ಲಾಕ್‌ಸೈಜ್=32760 ಎಂದು ಓದಿಸಿ ಮೊದಲ ಕೆಲವು ಬ್ಲಾಕ್‌ಗಳನ್ನು ಪ್ರಿಂಟ್ ಮಾಡಿ, ಉದ್ದ ಅಳೆಯಿರಿ. ಊಹೆಯಿಂದ ಚಿಕ್ಕ ಬ್ಲಾಕ್‌ಸೈಜ್ ಬರೆದರೆ ಉದ್ದ ಹೊಂದದೆ 001-4 ಬರುತ್ತದೆ.

ಎಷ್ಟಿದೆ ಎಂಬ ಲೆಕ್ಕ

ಕಾರ್ಟ್ರಿಜ್‌ಗಳನ್ನು ಎಣಿಸಿ ಡಿಸ್ಕ್ ಜಾಗ ಅಂದಾಜು ಮಾಡುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಟೇಪ್ ಡ್ರೈವ್ ಬರೆಯುವಾಗಲೇ ಡೇಟಾವನ್ನು ಕುಗ್ಗಿಸುತ್ತದೆ. ಸ್ಪೇಸ್ ತುಂಬಿದ ಹೆಸರು ವಿಳಾಸದ ಫೈಲ್ ಚೆನ್ನಾಗಿ ಕುಗ್ಗುತ್ತದೆ, ಮೊದಲೇ ಎನ್‌ಕ್ರಿಪ್ಟ್ ಆದದ್ದು ಕುಗ್ಗುವುದೇ ಇಲ್ಲ. ಡಿಸ್ಕ್‌ಗೆ ಬರುವಾಗ ಅದು ಮತ್ತೆ ಹಿಗ್ಗಿಯೇ ಬರುತ್ತದೆ. 40 ಗಿಗಾಬೈಟ್ ಟೇಪು 100 ಗಿಗಾಬೈಟ್ ಡಿಸ್ಕ್ ಕೇಳಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ನಂಬಬಹುದಾದ ಲೆಕ್ಕ ಎರಡಿವೆ. ಮೊದಲನೆಯದು ರೆಕಾರ್ಡ್ ಸಂಖ್ಯೆ ಗುಣಿಸು ಎಲ್‌ರೆಕ್‌ಎಲ್. ಫೈಲ್ ಬರೆದ ಜಾಬ್‌ನ ಔಟ್‌ಪುಟ್ ಇನ್ನೂ ಇದ್ದರೆ ಅಥವಾ ಫೈಲ್‌ನ ಕೊನೆಯಲ್ಲಿ ಟ್ರೇಲರ್ ರೆಕಾರ್ಡ್ ಇದ್ದರೆ ಸಂಖ್ಯೆ ಅಲ್ಲಿ ಸಿಗುತ್ತದೆ. ಎರಡನೆಯದು ಬ್ಲಾಕ್ ಸಂಖ್ಯೆ ಗುಣಿಸು ಬ್ಲಾಕ್‌ಸೈಜ್. ಟೇಪಿನ ಕೊನೆಯ ಇಓಎಫ್1 ಲೇಬಲ್‌ನಲ್ಲೂ ಟೇಪ್ ಮ್ಯಾನೇಜ್‌ಮೆಂಟ್ ದಾಖಲೆಯಲ್ಲೂ ಬ್ಲಾಕ್ ಸಂಖ್ಯೆ ಇರುತ್ತದೆ. ಬರೆದ ಜಾಬ್‌ನ ಲಾಗ್ ಸಿಕ್ಕರೆ ಐಇಸಿ205ಐ ಮೆಸೇಜ್‌ನಲ್ಲಿ ಪೂರ್ತಿ ವಾಲ್ಯೂಮ್ ಪಟ್ಟಿ, ಒಟ್ಟು ಬ್ಲಾಕ್ ಎರಡೂ ಒಟ್ಟಿಗೆ ಸಿಗುತ್ತವೆ. ವಿಬಿ ಫೈಲ್‌ಗೆ ಈ ಎರಡನೇ ಲೆಕ್ಕ ಗರಿಷ್ಠ ಮಿತಿ, ನಿಜವಾದ ಗಾತ್ರ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಬ್ಲಾಕ್‌ಸೈಜ್: ಟೇಪಿಗೆ ಒಳ್ಳೆಯದು ಡಿಸ್ಕ್‌ಗೆ ಒಳ್ಳೆಯದಲ್ಲ

ಇದೊಂದು ಭಾಗವನ್ನು ನಿಧಾನವಾಗಿ ಓದಿ.

ಟೇಪಿನಲ್ಲಿ ಬ್ಲಾಕ್ ದೊಡ್ಡದಾದಷ್ಟೂ ಲಾಭ, ಏಕೆಂದರೆ ಎರಡು ಬ್ಲಾಕ್‌ಗಳ ನಡುವಿನ ಖಾಲಿ ಜಾಗ ಕಡಿಮೆಯಾಗುತ್ತದೆ. ಆದ್ದರಿಂದ ಟೇಪಿಗೆ 32,760ರ ಹತ್ತಿರದ ಬ್ಲಾಕ್‌ಸೈಜ್ ಇಡುವುದು ರೂಢಿ. ಲಾರ್ಜ್ ಬ್ಲಾಕ್ ಇಂಟರ್‌ಫೇಸ್ ಬಳಸಿದವರು 2,62,144 ಬೈಟ್‌ವರೆಗೂ ಹೋಗಿರುತ್ತಾರೆ.

ಡಿಸ್ಕ್‌ನ ಕಥೆ ಬೇರೆ. 3390 ಮಾದರಿಯ ಮೇನ್‌ಫ್ರೇಮ್ ಡಿಸ್ಕ್‌ನ ಒಂದು ಟ್ರ್ಯಾಕ್‌ನಲ್ಲಿ ಒಂದೇ ಬ್ಲಾಕ್ ಬರೆದರೆ 56,664 ಬೈಟ್ ಹಿಡಿಯುತ್ತದೆ. ಎರಡು ಬ್ಲಾಕ್ ಕೂರಬೇಕಾದರೆ ಪ್ರತಿಯೊಂದೂ 27,998 ಬೈಟ್ ಮೀರಬಾರದು. ಬ್ಲಾಕ್ ಎರಡು ಟ್ರ್ಯಾಕ್‌ಗಳಿಗೆ ಹಂಚಿಹೋಗುವುದಿಲ್ಲ. ಡಿಸ್ಕ್‌ನಲ್ಲಿ ಬ್ಲಾಕ್‌ನ ಗರಿಷ್ಠ ಗಾತ್ರವೇ 32,760. ಅಂದರೆ ಟೇಪಿನ 32,760 ಬ್ಲಾಕ್‌ಸೈಜನ್ನು ಹಾಗೇ ಡಿಸ್ಕ್‌ಗೆ ತಂದರೆ ಟ್ರ್ಯಾಕಿಗೆ ಒಂದೇ ಬ್ಲಾಕ್ ಕೂರುತ್ತದೆ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗ ಖಾಲಿ ಬೀಳುತ್ತದೆ.

ನಮ್ಮ ಉದಾಹರಣೆಗೆ ಹಾಕಿ ನೋಡಿ. 200 ಬೈಟ್ ರೆಕಾರ್ಡ್‌ಗೆ ಟೇಪಿನ ಬ್ಲಾಕ್‌ಸೈಜ್ 32,600, ಬ್ಲಾಕಿಗೆ 163 ರೆಕಾರ್ಡ್. ಹಾಗೇ ತಂದರೆ ಟ್ರ್ಯಾಕಿಗೆ 163, ಹದಿನೈದು ಟ್ರ್ಯಾಕ್‌ನ ಸಿಲಿಂಡರಿಗೆ 2,445. ಐವತ್ತು ಕೋಟಿಗೆ 2,04,499 ಸಿಲಿಂಡರ್ ಬೇಕು. ಬ್ಲಾಕ್‌ಸೈಜ್ 27,800 ಮಾಡಿದರೆ ಬ್ಲಾಕಿಗೆ 139, ಟ್ರ್ಯಾಕಿಗೆ ಎರಡು ಬ್ಲಾಕ್, ಅಂದರೆ 278. ಸಿಲಿಂಡರಿಗೆ 4,170, ಒಟ್ಟು 1,19,905 ಸಿಲಿಂಡರ್ ಸಾಕು. ವ್ಯತ್ಯಾಸ 84,594 ಸಿಲಿಂಡರ್, ಸುಮಾರು 72 ಗಿಗಾಬೈಟ್. ಒಂದು ಸಂಖ್ಯೆ ಬದಲಿಸಿದ್ದಕ್ಕೆ ಇಷ್ಟು ಉಳಿತಾಯ.

ಎಫ್‌ಬಿ ಫೈಲ್‌ಗೆ ಸೂತ್ರ ಸುಲಭ: 27,998ನ್ನು ಎಲ್‌ರೆಕ್‌ಎಲ್‌ನಿಂದ ಭಾಗಿಸಿ, ದಶಾಂಶ ಬಿಟ್ಟು, ಮತ್ತೆ ಎಲ್‌ರೆಕ್‌ಎಲ್‌ನಿಂದ ಗುಣಿಸಿ. 80 ಬೈಟ್‌ಗೆ 27,920 ಬರುತ್ತದೆ. ವಿಬಿಗೆ ನೇರವಾಗಿ 27,998. ವಿಬಿಯಲ್ಲಿ ಬ್ಲಾಕ್‌ಸೈಜ್ ಎಲ್‌ರೆಕ್‌ಎಲ್‌ಗಿಂತ ಕನಿಷ್ಠ 4 ಹೆಚ್ಚಿರಬೇಕು ಎಂಬುದು ನೆನಪಿರಲಿ. ಎಲ್‌ರೆಕ್‌ಎಲ್ 32,756 ಇರುವ ಫೈಲ್‌ಗೆ ಅರ್ಧ ಟ್ರ್ಯಾಕ್ ಬ್ಲಾಕ್ ಹೊಂದುವುದಿಲ್ಲ.

ಕಾಪಿಗೂ ಬಳಸುವ ಡಿಎಫ್‌ಸಾರ್ಟ್ ಪ್ರೋಗ್ರಾಮ್ (ಮುಂದೆ ಬರೀ ಸಾರ್ಟ್) ಐಬಿಎಂ ಕೊಟ್ಟ ಡಿಫಾಲ್ಟ್‌ಗಳಲ್ಲೇ ಇದ್ದರೆ, ಬ್ಲಾಕ್‌ಸೈಜ್ ಬರೆಯದಿದ್ದಾಗ ಡಿಸ್ಕ್‌ಗೆ ಹೊಂದುವುದನ್ನು ಸಿಸ್ಟಮ್‌ನಿಂದ ಕೇಳಿ ಹಾಕಿಕೊಳ್ಳುತ್ತದೆ. ಆದರೆ ಆ ಡಿಫಾಲ್ಟ್‌ಗಳನ್ನು ಯಾವ ಸೈಟ್‌ನಲ್ಲಿ ಯಾರು ಬದಲಿಸಿದ್ದಾರೋ ಹೇಳಲಾಗದು. ಇನ್ನೊಂದು ಕಾಪಿ ಪ್ರೋಗ್ರಾಮ್ ಐಇಬಿಜೆನರ್, ಇನ್‌ಪುಟ್‌ನ ಗುಣಗಳನ್ನು ಔಟ್‌ಪುಟ್‌ಗೆ ದಾಟಿಸುವ ಸ್ವಭಾವದ್ದು. ಆರ್‌ಇಸಿಎಫ್‌ಎಂ, ಎಲ್‌ರೆಕ್‌ಎಲ್, ಬ್ಲಾಕ್‌ಸೈಜ್ ಮೂರನ್ನೂ ಲೆಕ್ಕಹಾಕಿ ಔಟ್‌ಪುಟ್ ಡಿಡಿಯಲ್ಲಿ (ಜೆಸಿಎಲ್‌ನಲ್ಲಿ ಆ ಫೈಲನ್ನು ವಿವರಿಸುವ ಸಾಲು) ಬರೆದುಬಿಡಿ, ಆಗ ಯಾವ ಯುಟಿಲಿಟಿಯಾದರೂ ಸರಿ.

ಬೇಸಿಕ್, ಲಾರ್ಜ್, ಎಕ್ಸ್‌ಟೆಂಡೆಡ್

ಬೇಸಿಕ್ ಮಾದರಿಯ ಸೀಕ್ವೆನ್ಷಿಯಲ್ ಡೇಟಾಸೆಟ್ ಒಂದು ವಾಲ್ಯೂಮ್‌ನಲ್ಲಿ 65,535 ಟ್ರ್ಯಾಕ್ ಮೀರುವಂತಿಲ್ಲ. ಇದು 4,369 ಸಿಲಿಂಡರ್, ಸುಮಾರು 3.7 ಗಿಗಾಬೈಟ್. ವಾಲ್ಯೂಮ್ ಎಷ್ಟೇ ದೊಡ್ಡದಿದ್ದರೂ, ಎಷ್ಟೇ ಖಾಲಿಯಿದ್ದರೂ ಇದೇ ಮಿತಿ. ನಮ್ಮ ಉದಾಹರಣೆಯನ್ನು ಬೇಸಿಕ್ ಆಗಿ ಇಟ್ಟರೆ ಕನಿಷ್ಠ 28 ವಾಲ್ಯೂಮ್ ಬೇಕಾಗುತ್ತವೆ. ಒಂದು ಡೇಟಾಸೆಟ್ ಗರಿಷ್ಠ 59 ವಾಲ್ಯೂಮ್‌ವರೆಗೆ ಹರಡಬಹುದು, ನಿಜ, ಆದರೆ ಅದು ನಿಭಾಯಿಸುವ ದಾರಿಯಲ್ಲ.

ಡಿಎಸ್‌ಎನ್‌ಟೈಪ್=ಲಾರ್ಜ್ ಎಂದು ಬರೆದರೆ ವಾಲ್ಯೂಮಿಗೆ 1,67,77,215 ಟ್ರ್ಯಾಕ್‌ವರೆಗೆ ಹೋಗಬಹುದು. ಎಕ್ಸ್‌ಟೆಂಟ್ (ಒಂದೇ ಕಡೆ ಸಿಕ್ಕ ಜಾಗದ ತುಂಡು) ಮಿತಿ ಮಾತ್ರ ಬೇಸಿಕ್‌ನಂತೆಯೇ ವಾಲ್ಯೂಮಿಗೆ 16. ಜೆಡ್‌ಓಎಸ್ 1.7ರಿಂದ ಇರುವ ಸೌಲಭ್ಯ ಇದು. ಸಾಮಾನ್ಯ ಕೋಬಾಲ್ ಪ್ರೋಗ್ರಾಮ್‌ಗಳು ಏನೂ ಬದಲಾವಣೆ ಇಲ್ಲದೆ ಓದುತ್ತವೆ. ನೋಟ್, ಪಾಯಿಂಟ್ ಅಥವಾ ಎಕ್ಸ್‌ಸಿಪಿ ಬಳಸುವ ಹಳೆಯ ಅಸೆಂಬ್ಲರ್ ಪ್ರೋಗ್ರಾಮ್ ಇದ್ದರೆ ಮೊದಲೇ ಪರೀಕ್ಷಿಸಿ, ಅವಕ್ಕೆ ಕೋಡ್ ಬದಲಾವಣೆ ಬೇಕಾದೀತು.

ಎಕ್ಸ್‌ಟೆಂಡೆಡ್ ಫಾರ್ಮ್ಯಾಟ್‌ಗೆ ಎಸ್‌ಎಂಎಸ್ (ಡಿಸ್ಕ್ ಜಾಗವನ್ನು ಸೈಟ್ ನಿಯಮದಂತೆ ಹಂಚುವ ವ್ಯವಸ್ಥೆ) ಆಡಳಿತದ ವಾಲ್ಯೂಮ್‌ಗಳೇ ಆಗಬೇಕು. ಅಲ್ಲಿ ವಾಲ್ಯೂಮಿಗೆ 123 ಎಕ್ಸ್‌ಟೆಂಟ್ ಸಿಗುತ್ತವೆ, ಸ್ಟ್ರೈಪಿಂಗ್ (ಹಲವು ವಾಲ್ಯೂಮ್‌ಗೆ ಹಂಚಿ ಬರೆಯುವುದು) ಸಿಗುತ್ತದೆ, ಡೇಟಾ ಕ್ಲಾಸ್‌ನಲ್ಲಿ (ಡೇಟಾಸೆಟ್‌ನ ಗುಣಗಳನ್ನು ಹೇಳುವ ಎಸ್‌ಎಂಎಸ್ ವ್ಯಾಖ್ಯೆ) ಅವಕಾಶವಿದ್ದರೆ ಜೆಡ್‌ಇಡಿಸಿ ಕಂಪ್ರೆಷನ್ ಕೂಡ ಸಿಗುತ್ತದೆ. ಜಾಗ ತುಣುಕು ತುಣುಕಾಗಿರುವ ಪೂಲ್‌ನಲ್ಲಿ (ಡಿಸ್ಕ್ ವಾಲ್ಯೂಮ್‌ಗಳ ಗುಂಪು) 100 ಗಿಗಾಬೈಟ್ ಇಳಿಸಬೇಕಾದರೆ ಇದೇ ಉತ್ತಮ ಆಯ್ಕೆ. ಇನ್ನೂ ಒಂದು ಮಾತು: ಟೇಪ್ ಡ್ರೈವೇ ಎನ್‌ಕ್ರಿಪ್ಟ್ ಮಾಡಿದ್ದ ಡೇಟಾ, ಓದುವಾಗ ಬಿಚ್ಚಿಕೊಂಡು ಬರುತ್ತದೆ. ಡಿಸ್ಕ್‌ನಲ್ಲಿ ಡೇಟಾಸೆಟ್ ಎನ್‌ಕ್ರಿಪ್ಷನ್ ಇಲ್ಲದಿದ್ದರೆ ಗ್ರಾಹಕರ ಖಾತೆ ವಿವರಗಳು ಎನ್‌ಕ್ರಿಪ್ಟ್ ಆಗದೆ ಬಯಲಾಗಿ ಕೂರುತ್ತವೆ. ಇದನ್ನು ಸೆಕ್ಯುರಿಟಿ ತಂಡಕ್ಕೆ ಮೊದಲೇ ತಿಳಿಸಿ, ಕೀ ಲೇಬಲ್ ಇರುವ ಡೇಟಾ ಕ್ಲಾಸ್ ಕೇಳಿ ತೆಗೆದುಕೊಳ್ಳಿ. ರ್ಯಾಕ್‌ಎಫ್ ಪ್ರೊಫೈಲ್ (ಯಾರು ಮುಟ್ಟಬಹುದೆಂಬ ಸೆಕ್ಯುರಿಟಿ ನಿಯಮ) ಹೊಸ ಹೆಸರಿಗೂ ಅನ್ವಯಿಸುತ್ತದೆಯೇ ಎಂದೂ ನೋಡಿ.

ಸ್ಪೇಸ್ ಪ್ಯಾರಾಮೀಟರ್

ಮಾಡೆಲ್ 54 ಎಂದು ಕರೆಯುವ ವಾಲ್ಯೂಮ್‌ನಲ್ಲಿ 65,520 ಸಿಲಿಂಡರ್ ಇರುತ್ತವೆ. ಅದಕ್ಕಿಂತ ದೊಡ್ಡ ಇಎವಿ ವಾಲ್ಯೂಮ್‌ಗಳಲ್ಲಿ ಮೇಲಿನ ಭಾಗದ ಜಾಗ ಬೇಕಾದರೆ ಇಎಟಿಟಿಆರ್=ಓಪಿಟಿ ಕೊಡಬೇಕು. ಕೊಡದಿದ್ದರೆ ಸಾದಾ ಡೇಟಾಸೆಟ್ ಕೆಳಭಾಗದಲ್ಲೇ ಜಾಗ ಹುಡುಕುತ್ತದೆ, ಮೇಲೆ ಖಾಲಿ ಇದ್ದರೂ ಜಾಬ್ ಬೀಳುತ್ತದೆ.

ಬಹುವಾಲ್ಯೂಮ್ ಸೀಕ್ವೆನ್ಷಿಯಲ್ ಡೇಟಾಸೆಟ್‌ನ ನಿಯಮ ಹಲವರಿಗೆ ಗೊತ್ತಿರುವುದಿಲ್ಲ. ಪ್ರೈಮರಿ ಜಾಗ (ಶುರುವಿನಲ್ಲೇ ಕೊಡುವುದು) ಮೊದಲ ವಾಲ್ಯೂಮ್‌ನಲ್ಲಿ ಮಾತ್ರ. ಎರಡನೆಯದರಿಂದ ಮುಂದೆ ಎಲ್ಲವೂ ಸೆಕೆಂಡರಿ (ತುಂಬಿದಂತೆಲ್ಲ ಸೇರಿಸುವುದು) ಅಳತೆಯಲ್ಲೇ ಬರುತ್ತವೆ. ಪ್ರೈಮರಿ 40,000, ಸೆಕೆಂಡರಿ 500 ಎಂದು ಬರೆದರೆ ಎರಡನೇ ವಾಲ್ಯೂಮ್‌ನಲ್ಲಿ 16 ಗುಣಿಸು 500, ಅಂದರೆ 8,000 ಸಿಲಿಂಡರ್‌ಗೇ ಎಕ್ಸ್‌ಟೆಂಟ್ ಮುಗಿಯುತ್ತದೆ. ವಾಲ್ಯೂಮ್‌ನಲ್ಲಿ ಇನ್ನೂ 50,000 ಖಾಲಿ ಇದ್ದರೂ ಅದು ಕೆಲಸಕ್ಕೆ ಬಾರದು. ಆದ್ದರಿಂದ ಸೆಕೆಂಡರಿಯನ್ನು ಧಾರಾಳವಾಗಿ ಇಡಿ, ಕೊನೆಯಲ್ಲಿ ಆರ್‌ಎಲ್‌ಎಸ್‌ಇ ಹಾಕಿ. ಬಳಸದ ಜಾಗ ಕ್ಲೋಸ್ ಆಗುವಾಗ ವಾಪಸ್ ಹೋಗುತ್ತದೆ.

ಪೂಲ್‌ನ ಪ್ರತಿ ವಾಲ್ಯೂಮ್‌ನಲ್ಲಿ 45,000 ಸಿಲಿಂಡರ್ ಖಾಲಿ ಇದೆ ಎಂದುಕೊಳ್ಳಿ. ಪ್ರೈಮರಿ 40,000, ಸೆಕೆಂಡರಿ 3,000 ಕೊಟ್ಟರೆ ಮೊದಲ ವಾಲ್ಯೂಮ್‌ನಲ್ಲಿ 43,000, ಎರಡು ಮತ್ತು ಮೂರನೆಯದರಲ್ಲಿ ತಲಾ 45,000 ಸಿಗುತ್ತದೆ. ಒಟ್ಟು 1,33,000, ನಮಗೆ ಬೇಕಾದ 1,19,905ಕ್ಕೆ ಸಾಕು. ಆದರೂ ನಾಲ್ಕು ವಾಲ್ಯೂಮ್ ಕೇಳಿ. ಖಾಲಿ ಜಾಗ ಒಂದೇ ಕಡೆ ಇಲ್ಲದಿದ್ದರೆ ಸಿಸ್ಟಮ್ ಒಂದು ಬೇಡಿಕೆಯನ್ನು ಐದು ತುಂಡುಗಳವರೆಗೆ ಒಡೆದು ಕೊಡುತ್ತದೆ, ಒಂದೊಂದು ತುಂಡೂ ಒಂದು ಎಕ್ಸ್‌ಟೆಂಟ್. ಹಾಗಾದರೆ ಹದಿನಾರರ ಮಿತಿ ಬೇಗ ಮುಟ್ಟುತ್ತದೆ. ಖಾಲಿ ಜಾಗ ಎಷ್ಟೆಂದು ಸ್ಟೋರೇಜ್ ತಂಡವನ್ನು ಕೇಳುವಾಗ ಅತಿದೊಡ್ಡ ಒಂದೇ ಎಕ್ಸ್‌ಟೆಂಟ್ ಎಷ್ಟು ಎಂದೂ ಕೇಳಿ.

ಸಿಲಿಂಡರ್ ಲೆಕ್ಕ ಬೇಡವೆನ್ನುವವರು ಆವ್‌ರೆಕ್=ಎಂ ಬಳಸಬಹುದು. ಆಗ ಸ್ಪೇಸ್‌ನ ಮೊದಲ ಸಂಖ್ಯೆ ರೆಕಾರ್ಡ್ ಉದ್ದ, ಮುಂದಿನವು 10,48,576 ರೆಕಾರ್ಡ್‌ಗಳ ಕಟ್ಟುಗಳು. ನಮ್ಮ ಐವತ್ತು ಕೋಟಿಗೆ 477 ಕಟ್ಟು.

ಜೆಸಿಎಲ್

//ಕಾಪಿ ಎಕ್ಸೆಕ್ ಪಿಜಿಎಂ=ಸಾರ್ಟ್,ರೀಜನ್=0ಎಂ
//ಸಿಸ್‌ಔಟ್ ಡಿಡಿ ಸಿಸ್‌ಔಟ್=*
//ಸಾರ್ಟ್‌ಇನ್ ಡಿಡಿ ಡಿಎಸ್‌ಎನ್=ಪ್ರಾಡ್.ಟ್ರಾನ್.ಹಿಸ್ಟ್,ಡಿಸ್ಪ್=(ಓಲ್ಡ್,ಕೀಪ್)
//ಸಾರ್ಟ್‌ಔಟ್ ಡಿಡಿ ಡಿಎಸ್‌ಎನ್=ಪ್ರಾಡ್.ಟ್ರಾನ್.ಹಿಸ್ಟ್.ಡಿಸ್ಕ್,
// ಡಿಸ್ಪ್=(ನ್ಯೂ,ಕ್ಯಾಟ್‌ಎಲ್‌ಜಿ,ಡಿಲೀಟ್),ಡಿಎಸ್‌ಎನ್‌ಟೈಪ್=ಲಾರ್ಜ್,
// ಯೂನಿಟ್=(ಸಿಸ್‌ಡಿಎ,4),ಸ್ಪೇಸ್=(ಸಿವೈಎಲ್,(40000,3000),ಆರ್‌ಎಲ್‌ಎಸ್‌ಇ),
// ಡಿಸಿಬಿ=(ಆರ್‌ಇಸಿಎಫ್‌ಎಂ=ಎಫ್‌ಬಿ,ಎಲ್‌ರೆಕ್‌ಎಲ್=200,ಬ್ಲಾಕ್‌ಸೈಜ್=27800)
//ಸಿಸ್‌ಇನ್ ಡಿಡಿ *
  ಆಪ್ಷನ್ ಕಾಪಿ
/*

ಐಇಬಿಜೆನರ್ ಬದಲು ಸಾರ್ಟ್ ಏಕೆ? ಐಇಬಿಜೆನರ್ ಸಾಮಾನ್ಯವಾಗಿ ಐದು ಬಫರ್‌ಗಳಲ್ಲಿ ಕೆಲಸ ಮಾಡುತ್ತದೆ. ಸಾರ್ಟ್ ತನ್ನದೇ ಐಓ ವಿಧಾನದಲ್ಲಿ ದೊಡ್ಡ ದೊಡ್ಡ ತುತ್ತಾಗಿ ಓದಿ ಬರೆಯುತ್ತದೆ, ಸಿಪಿಯು ಖರ್ಚೂ ಕಡಿಮೆ. ಇನ್ನೂ ಮುಖ್ಯವಾಗಿ, ಕೊನೆಯಲ್ಲಿ ಐಸಿಇ054ಐ ಮೆಸೇಜ್‌ನಲ್ಲಿ ಎಷ್ಟು ರೆಕಾರ್ಡ್ ಒಳಗೆ, ಎಷ್ಟು ಹೊರಗೆ ಎಂದು ಬರೆದುಕೊಡುತ್ತದೆ. ಐಇಬಿಜೆನರ್‌ನಿಂದ ಆ ಎಣಿಕೆ ಸಿಗುವುದಿಲ್ಲ. ಹಳೆಯ ಜೆಸಿಎಲ್ ಬದಲಿಸಲು ಆಗದಿದ್ದರೆ ಪ್ರೋಗ್ರಾಮ್ ಹೆಸರನ್ನು ಐಸ್‌ಜೆನರ್ ಮಾಡಿ, ಸಾಧ್ಯವಿರುವಲ್ಲಿ ಅದು ಸಾರ್ಟ್‌ನಿಂದಲೇ ಕಾಪಿ ಮಾಡಿಸುತ್ತದೆ. ಆರ್‌ಇಸಿಎಫ್‌ಎಂ=ಯು ಇರುವ ಫೈಲನ್ನು ಮಾತ್ರ ಸಾರ್ಟ್ ಮುಟ್ಟುವುದಿಲ್ಲ, ಅದಕ್ಕೆ ಐಇಬಿಜೆನರ್ರೇ ಗತಿ.

ಜಾಬ್ ನಡುವೆ ಬಿದ್ದರೆ ಏನಾಗಬೇಕೆಂದು ಹೇಳುವ ಡಿಸ್ಪ್‌ನ ಮೂರನೇ ಜಾಗದಲ್ಲಿ ಡಿಲೀಟ್ ಇರಲಿ. ಅರ್ಧ ತುಂಬಿದ ಡೇಟಾಸೆಟ್ ಸರಿಯಾದ ಹೆಸರಿನಲ್ಲಿ ಕ್ಯಾಟಲಾಗ್ ಆಗಿ ಕೂತರೆ ಮುಂದಿನ ಜಾಬ್ ಅದನ್ನೇ ಪೂರ್ತಿ ಎಂದು ನಂಬಿ ಓಡುತ್ತದೆ.

ಒಂದೇ ಡೇಟಾಸೆಟ್ ಆಗಿ ಇಡಲು ಪೂಲ್‌ನಲ್ಲಿ ಜಾಗವಿಲ್ಲದಿದ್ದರೆ ತುಂಡು ಮಾಡಬಹುದು. ಆಗ ಸ್ಕಿಪ್‌ರೆಕ್ ಹಾಕಿ ನಾಲ್ಕು ಜಾಬ್ ಓಡಿಸಬೇಡಿ. ನಾಲ್ಕನೇ ಜಾಬ್ 37.5 ಕೋಟಿ ರೆಕಾರ್ಡ್‌ಗಳನ್ನು ಓದಿ ಓದಿ ಬಿಸಾಡಿದ ಮೇಲೆಯೇ ತನ್ನ ಕೆಲಸ ಶುರುಮಾಡುತ್ತದೆ. ಒಂದೇ ಸ್ಟೆಪ್‌ನಲ್ಲಿ ನಾಲ್ಕು ಔಟ್‌ಫಿಲ್ ಕೊಟ್ಟು, ಸ್ಟಾರ್ಟ್‌ರೆಕ್ ಮತ್ತು ಎಂಡ್‌ರೆಕ್‌ನಿಂದ ಹಂಚಿ. ಟೇಪನ್ನು ಒಮ್ಮೆ ಓದಿದರೆ ಸಾಕು.

ಮೊದಲು ಪರೀಕ್ಷೆ, ಆಮೇಲೆ ಪೂರ್ತಿ

ಆಪ್ಷನ್ ಸಾಲಿಗೆ ಸ್ಟಾಪ್‌ಆಫ್ಟ್=10000000 ಸೇರಿಸಿ, ಸ್ಪೇಸ್ ಕಡಿಮೆ ಮಾಡಿ, ಬೇರೆ ಹೆಸರಿಗೆ ಒಂದು ಕೋಟಿ ರೆಕಾರ್ಡ್ ಮಾತ್ರ ಕಾಪಿ ಮಾಡಿ. 2 ಗಿಗಾಬೈಟ್ ಆಗುತ್ತದೆ. ಔಟ್‌ಪುಟ್ ಡೇಟಾಸೆಟ್‌ನ ಬ್ಲಾಕ್‌ಸೈಜನ್ನು ಐಎಸ್‌ಪಿಎಫ್ 3.4ರಲ್ಲಿ (ಡೇಟಾಸೆಟ್ ಪಟ್ಟಿಯ ಪರದೆ) ನೋಡಿ, ಸುಮಾರು 2,399 ಸಿಲಿಂಡರ್ ಬಳಸಿದೆಯೇ ಎಂದು ನೋಡಿ. 4,000ಕ್ಕಿಂತ ಹೆಚ್ಚು ತೋರಿಸಿದರೆ ಬ್ಲಾಕ್‌ಸೈಜ್ ಎಲ್ಲೋ ತಪ್ಪಿದೆ.

ಮೌಂಟ್‌ಗೆ ಕಾದ ಹೊತ್ತು ಕಳೆದು ವೇಗ ಲೆಕ್ಕಹಾಕಿ. ಸೆಕೆಂಡಿಗೆ 100 ಮೆಗಾಬೈಟ್ ಬಂದರೆ 100 ಗಿಗಾಬೈಟ್‌ಗೆ ಸುಮಾರು 17 ನಿಮಿಷ. ಸೆಕೆಂಡಿಗೆ 20 ಬಂದರೆ ಒಂದು ಗಂಟೆ 23 ನಿಮಿಷ. ಇದರ ಮೇಲೆ ಪ್ರತಿ ವಾಲ್ಯೂಮಿನ ಮೌಂಟ್ ಸಮಯ ಸೇರಿಸಿ. ಟಿಎಸ್7700ರಂಥ ವರ್ಚುವಲ್ ಟೇಪಿನಲ್ಲಿ ಹಳೆಯ ವಾಲ್ಯೂಮ್ ಕ್ಯಾಶ್‌ನಲ್ಲಿ ಇಲ್ಲದಿರಬಹುದು, ಆಗ ಹಿಂದಿರುವ ನಿಜವಾದ ಕಾರ್ಟ್ರಿಜ್‌ನಿಂದ ಅದನ್ನು ಎತ್ತಿ ತರಬೇಕು. ಹತ್ತು ವಾಲ್ಯೂಮ್ ಇದ್ದರೆ ಹತ್ತು ಸಲ ಕಾಯಬೇಕು. ಇಂಥ ಕಾಯುವಿಕೆಯಲ್ಲಿ ಜಾಬ್ 522 ಎಂದು ಬೀಳುವುದುಂಟು, ಹಾಗಾಗಿ ನಿಮ್ಮ ಸೈಟ್‌ನಲ್ಲಿ ಕಾಯುವ ಮಿತಿ ಎಷ್ಟೆಂದು ಮೊದಲೇ ವಿಚಾರಿಸಿ. ಸಿಪಿಯು ಸಮಯ ಮೀರಿದರೆ 322 ಬರುತ್ತದೆ, ಅದಕ್ಕೆ ಟೈಮ್ ಪ್ಯಾರಾಮೀಟರ್.

ಬೆಂಗಳೂರಿನಿಂದ ಅಮೆರಿಕದ ಸಿಸ್ಟಮ್ ನೋಡಿಕೊಳ್ಳುವವರು ಹೊತ್ತನ್ನೂ ಗಮನಿಸಬೇಕು. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಬ್ಯಾಚ್, ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ 7:30ರಿಂದ ಮಧ್ಯಾಹ್ನ 3:30. ಆಗ ಟೇಪ್ ಡ್ರೈವ್‌ಗಳೆಲ್ಲ ಬ್ಯಾಚ್‌ನ ಕೈಯಲ್ಲಿರುತ್ತವೆ. ಗಂಟೆಗಟ್ಟಲೆ ಡ್ರೈವ್ ಹಿಡಿದಿಡುವ ಕಾಪಿಯನ್ನು ಆ ಹೊತ್ತಿನಲ್ಲಿ ಸಬ್‌ಮಿಟ್ ಮಾಡಬೇಡಿ.

ಬಿದ್ದರೆ ಏನು ನೋಡಬೇಕು

ಡಿ37 ಬಂದರೆ ಪ್ರೈಮರಿ ತುಂಬಿದೆ, ಸೆಕೆಂಡರಿ ಕೊಟ್ಟೇ ಇಲ್ಲ. ಬಿ37 ಮತ್ತು ಇ37 ಬಂದರೆ ಎಕ್ಸ್‌ಟೆಂಟ್ ಮುಗಿದಿದೆ ಅಥವಾ ವಾಲ್ಯೂಮ್‌ನಲ್ಲಿ ಜಾಗ ಮುಗಿದಿದೆ, ಮುಂದಿನ ವಾಲ್ಯೂಮ್ ಸಿಕ್ಕಿಲ್ಲ. ಎಷ್ಟು ಎಕ್ಸ್‌ಟೆಂಟ್ ಬಳಸಿತ್ತು ಎಂದು ಜಾಬ್ ಲಾಗ್‌ನಲ್ಲಿ ಮೊದಲು ನೋಡಿ, ಹದಿನಾರಕ್ಕೆ ನಿಂತಿದ್ದರೆ ಸೆಕೆಂಡರಿ ಹೆಚ್ಚಿಸಬೇಕು, ಅದಕ್ಕೂ ಮುಂಚೆ ನಿಂತಿದ್ದರೆ ವಾಲ್ಯೂಮ್ ಸಂಖ್ಯೆ ಹೆಚ್ಚಿಸಬೇಕು. ಕೇವಲ 65,535 ಟ್ರ್ಯಾಕ್‌ಗೆ ನಿಂತಿದ್ದರೆ ಲಾರ್ಜ್ ಬರೆಯಲು ಮರೆತಿದ್ದೀರಿ, ಇಲ್ಲವೇ ಸೈಟ್‌ನ ಎಸಿಎಸ್ ರೂಟೀನ್ (ಎಸ್‌ಎಂಎಸ್ ಕ್ಲಾಸ್‌ಗಳನ್ನು ಆರಿಸುವ ನಿಯಮ) ಬೇರೆ ಡೇಟಾ ಕ್ಲಾಸ್ ಹಾಕಿದೆ. ಜಾಬ್ ಶುರುವಾಗುವ ಮುನ್ನವೇ ಐಜಿಡಿ17272ಐ ಬಂದರೆ ಪೂಲ್‌ನಲ್ಲಿ ಪ್ರೈಮರಿಯಷ್ಟು ಜಾಗವಿರುವ ವಾಲ್ಯೂಮೇ ಇಲ್ಲ, ಪ್ರೈಮರಿ ಇಳಿಸಿ ಸೆಕೆಂಡರಿ ಏರಿಸಿ.

013-20 ಎಂದರೆ ಬ್ಲಾಕ್‌ಸೈಜ್ ಎಲ್‌ರೆಕ್‌ಎಲ್‌ನ ಗುಣಕವಲ್ಲ, ಗುಣಾಕಾರ ಮತ್ತೆ ಮಾಡಿ. 237-04 ಬಂದರೆ ಗಂಭೀರ: ಟ್ರೇಲರ್ ಲೇಬಲ್‌ನಲ್ಲಿರುವ ಬ್ಲಾಕ್ ಸಂಖ್ಯೆಗೂ ಓದಿದ ಸಂಖ್ಯೆಗೂ ತಾಳೆಯಾಗಿಲ್ಲ. ಬೇರೆ ಡ್ರೈವ್‌ನಲ್ಲಿ ಮತ್ತೊಮ್ಮೆ ಓದಿಸಿ.

ಟೇಪ್ ಓದಲು ಬಾರದೆ ಡೇಟಾ ಚೆಕ್ ಬಂದರೂ ಇದೇ ಕ್ರಮ. ಡ್ರೈವ್ ಶುಚಿ ಮಾಡಿಸಿ, ಬೇರೆ ಡ್ರೈವ್‌ನಲ್ಲಿ ಯತ್ನಿಸಿ, ಎರಡನೇ ಪ್ರತಿ ಇದೆಯೇ ವಿಚಾರಿಸಿ. ಎರಾಪ್ಟ್=ಎಸ್‌ಕೆಪಿ ಹಾಕಿದರೆ ಓದಲಾಗದ ಬ್ಲಾಕ್ ಬಿಟ್ಟು ಮುಂದೆ ಹೋಗುತ್ತದೆ, ಜಾಬ್ ಮುಗಿಯುತ್ತದೆ. ಆದರೆ ನಮ್ಮ ಫೈಲ್‌ನಲ್ಲಿ ಒಂದು ಬ್ಲಾಕ್ ಎಂದರೆ 163 ವಹಿವಾಟು. ಡೇಟಾದ ಮಾಲೀಕರು ಬರಹದಲ್ಲಿ ಒಪ್ಪದೆ ಇದನ್ನು ಮಾಡಲೇಬಾರದು.

ಎಣಿಸುವುದು

ಬ್ಲಾಕ್ ಸಂಖ್ಯೆ ಹೋಲಿಸಬೇಡಿ, ಬ್ಲಾಕ್‌ಸೈಜ್ ಬದಲಾದ್ದರಿಂದ ಅದು ಹೊಂದುವುದೇ ಇಲ್ಲ. ಐಸಿಇ054ಐ ತೋರಿಸುವ ಒಳಗೆ ಮತ್ತು ಹೊರಗೆ ಒಂದೇ ಇದ್ದ ಮಾತ್ರಕ್ಕೂ ನಂಬಬೇಡಿ. ಮೂರರಲ್ಲಿ ಒಂದೇ ವಾಲ್ಯೂಮ್ ಓದಿದ್ದರೂ ಆ ಎರಡು ಸಂಖ್ಯೆ ಒಂದೇ ಇರುತ್ತವೆ. ಹೋಲಿಕೆ ಹೊರಗಿನ ಸಂಖ್ಯೆಯೊಂದಿಗೆ ಆಗಬೇಕು: ಬರೆದ ಜಾಬ್‌ನ ಎಣಿಕೆ, ಟ್ರೇಲರ್ ರೆಕಾರ್ಡ್, ಅಥವಾ ಟೇಪ್ ದಾಖಲೆಯ ಬ್ಲಾಕ್ ಸಂಖ್ಯೆ. ನಮ್ಮ 50 ಕೋಟಿಯನ್ನು 163ರಿಂದ ಭಾಗಿಸಿದರೆ 30,67,485 ಬ್ಲಾಕ್ ಬರುತ್ತದೆ. ಟೇಪ್ ದಾಖಲೆಯಲ್ಲೂ ಅಷ್ಟೇ ಇದ್ದರೆ ನಿಶ್ಚಿಂತೆ. ಹಲವು ಜಾಬ್‌ಗಳು ಸೇರಿಸುತ್ತಾ ಹೋದ ಫೈಲ್ ಆದರೆ ನಡುವೆ ಅರೆತುಂಬಿದ ಬ್ಲಾಕ್‌ಗಳಿರಬಹುದು, ಆಗ ಟೇಪಿನ ಸಂಖ್ಯೆ ಸ್ವಲ್ಪ ಹೆಚ್ಚಿರುತ್ತದೆ.

ಹಣದ ಫೈಲ್ ಆಗಿದ್ದರೆ ಮೊತ್ತದ ಫೀಲ್ಡನ್ನು ಸಾರ್ಟ್‌ನಿಂದಲೇ ಕೂಡಿಸಿ, ಹಳೆಯ ವರದಿಯೊಂದಿಗೆ ತಾಳೆ ನೋಡಿ. ಬೈಟ್ ಬೈಟ್ ಹೋಲಿಸಲೇಬೇಕೆಂದರೆ ಐಇಬಿಕಾಂಪಿಆರ್ ಇದೆ. ಟೇಪನ್ನು ಪೂರ್ತಿ ಮತ್ತೊಮ್ಮೆ ಓದಬೇಕಾಗುತ್ತದೆ, ಸತತ ಹತ್ತು ರೆಕಾರ್ಡ್ ಹೊಂದದಿದ್ದರೆ ಅದು ನಿಂತುಬಿಡುತ್ತದೆ.

ಕಾಪಿ ಆದ ಮೇಲೆ

ಡಿಸ್ಕ್ ಪ್ರತಿಗೆ ಯಾವ ಮ್ಯಾನೇಜ್‌ಮೆಂಟ್ ಕ್ಲಾಸ್ ಬಿದ್ದಿದೆ ನೋಡಿ. ಕೆಲವು ದಿನ ಯಾರೂ ಮುಟ್ಟದಿದ್ದರೆ ಮೈಗ್ರೇಟ್ ಮಾಡು ಎಂಬ ಕ್ಲಾಸ್ ಆಗಿದ್ದರೆ ಎಚ್‌ಎಸ್‌ಎಂ ನೀವು ಕಷ್ಟಪಟ್ಟು ಇಳಿಸಿದ್ದನ್ನು ಮತ್ತೆ ಟೇಪಿಗೇ ಏರಿಸುತ್ತದೆ. ತಾತ್ಕಾಲಿಕ ಪೂಲ್ ಆಗಿದ್ದರೆ ಅಳಿಸಿಯೇ ಬಿಡಬಹುದು.

ಕೊನೆಯ ಅಪಾಯ ಹೆಸರು ಬದಲಿಸುವಾಗ ಬರುತ್ತದೆ. ಪ್ರೋಗ್ರಾಮ್‌ಗಳು ಹಳೆಯ ಹೆಸರಿನಲ್ಲೇ ಓದಲಿ ಎಂದು ಟೇಪ್ ಡೇಟಾಸೆಟ್ ಅನ್ನು ಅನ್‌ಕ್ಯಾಟಲಾಗ್ ಮಾಡಿ, ಡಿಸ್ಕ್ ಡೇಟಾಸೆಟ್‌ಗೆ ಐಡಿಕ್ಯಾಮ್ಸ್ ಆಲ್ಟರ್ ನ್ಯೂನೇಮ್‌ನಿಂದ ಆ ಹೆಸರು ಕೊಡುತ್ತೇವೆ. ಆ ಟೇಪಿನ ಆಯಸ್ಸು ಕ್ಯಾಟಲಾಗ್‌ಗೆ ಕಟ್ಟಿದ್ದರೆ, ಅಂದರೆ ಸಿಎ1ನಲ್ಲಿ ಎಕ್ಸ್‌ಪಿಡಿಟಿ=99000 ಅಥವಾ ಆರ್‌ಎಂಎಂನಲ್ಲಿ ವೈಲ್‌ಕ್ಯಾಟಲಾಗ್ ನಿಯಮ ಇದ್ದರೆ, ಅನ್‌ಕ್ಯಾಟಲಾಗ್ ಆದ ಕ್ಷಣದಿಂದ ಅದಕ್ಕೆ ರಕ್ಷಣೆಯಿಲ್ಲ. ಮುಂದಿನ ಹೌಸ್‌ಕೀಪಿಂಗ್ ಜಾಬ್ ಅದನ್ನು ಸ್ಕ್ರ್ಯಾಚ್‌ಗೆ (ಮರುಬಳಕೆಯ ಟೇಪುಗಳ ಸಾಲಿಗೆ) ಕಳಿಸುತ್ತದೆ, ಬೇರೆ ಯಾವುದೋ ಜಾಬ್ ಅದರ ಮೇಲೆ ಬರೆಯುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಟೇಪ್ ತಂಡದಿಂದ ಆ ಎಲ್ಲ ವಾಲ್ಯೂಮ್‌ಗಳಿಗೂ ನಿಶ್ಚಿತ ದಿನಾಂಕದ ಎಕ್ಸ್‌ಪೈರಿ ಹಾಕಿಸಿ, ಹಾಕಿದ್ದನ್ನು ನೀವೇ ದಾಖಲೆಯಲ್ಲಿ ನೋಡಿ, ಆಮೇಲೆ ಅನ್‌ಕ್ಯಾಟಲಾಗ್ ಮಾಡಿ, ಆಮೇಲೆ ಹೆಸರು ಬದಲಿಸಿ. ತಿಂಗಳ ಕೊನೆಯ ಬ್ಯಾಚ್ ಒಮ್ಮೆಯಾದರೂ ಡಿಸ್ಕ್ ಪ್ರತಿಯನ್ನು ಪೂರ್ತಿ ಓದಿ ಸರಿಯಾದ ಮೊತ್ತ ಕೊಡುವವರೆಗೆ ಟೇಪನ್ನು ಬಿಡಬೇಡಿ.